ಶಾಸನದ ಸಾಲು, ದತ್ತಾಂಶದ ಸಾಲು: ನನ್ನ ಅನುಭವ

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಶಾಸನಗಳಿಗಾಗಿ ನಾವು ಕೆಲವು ಆಸಕ್ತರು ಚಿತ್ರದುರ್ಗದಲ್ಲಿ ಕೂತು ವಿಕಿಪೀಡಿಯವನ್ನು ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯಲ್ಲಿ ಒಂದು ತಾಣವನ್ನು ಕಟ್ಟಿದಾಗ, ಎಲ್ಲ ವಿವರಗಳನ್ನೂ ವಿಕಿಯ ಟೆಂಪ್ಲೇಟಿನಲ್ಲೇ, ಅಂದರೆ ಸಿದ್ಧ ನಮೂನೆಯಲ್ಲೇ, ತುಂಬುತ್ತಿದ್ದೆವು. ಊರು, ಕಾಲ, ರಾಜವಂಶ ಮುಂತಾದ ಚಿಕ್ಕ ವಿವರಗಳಿಗೆ ಅದು ಸಾಕಾಗಿತ್ತು. ತೊಡಕು ಎದುರಾದದ್ದು ಮೂಲಪಾಠವನ್ನು ಸೇರಿಸತೊಡಗಿದಾಗ. ಶ್ಲೋಕದ ಕೊನೆಯ ದಂಡವನ್ನು ನಮ್ಮವರು ಕೀಲಿಮಣೆಯಲ್ಲಿರುವ ನೆಟ್ಟಗಿನ ಗೆರೆಯಿಂದಲೇ ಮೂಡಿಸುತ್ತಾರೆ. ಟೆಂಪ್ಲೇಟಿಗಾದರೋ ಒಂದು ವಿವರ ಮುಗಿದು ಇನ್ನೊಂದು ಆರಂಭವಾಯಿತೆಂಬುದಕ್ಕೆ ಆ ಗೆರೆಯೇ ಗುರುತು. ಹೀಗಾಗಿ ಹರಿಹರದ ಒಂದು ದಾನಶಾಸನದಲ್ಲಿ ಮೊದಲ ದಂಡದ ನಂತರದ ಪಾಠ ಪುಟದಲ್ಲಿ ಕಾಣಿಸಲೇ ಇಲ್ಲ, ದೋಷಸೂಚನೆಯೂ ಬರಲಿಲ್ಲ. ದಂಡವಿರುವಲ್ಲೆಲ್ಲ ಬದಲಿ ಸಂಕೇತವನ್ನು ಬರೆಯಬಹುದಿತ್ತು. ಆದರೆ ಕಲ್ಲಿನ ಪಾಠವನ್ನು ತಂತ್ರಾಂಶದ ಅನುಕೂಲಕ್ಕೆ ಬದಲಾಯಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಹಾಗಾಗಿ ವಿವರಗಳನ್ನು ಬರೆದಿಡುವ ಬೇರೆ ದತ್ತಾಂಶ ರೂಪಗಳತ್ತ ನೋಡಿದೆವು. ಅವುಗಳಲ್ಲಿ ಯಾಮಲ್ (YAML) ಓದಲು ಹಿತವಾಗಿತ್ತು. ಆದರೆ ಅದರಲ್ಲಿ ಸಾಲಿನ ಆರಂಭದ ಖಾಲಿ ಜಾಗಕ್ಕೂ ಅರ್ಥವಿರುವುದರಿಂದ, ವಾಟ್ಸಾಪ್‌ನಿಂದ ತಂದು ಅಂಟಿಸಿದ ಪಾಠಗಳು ಮೇಲಿಂದ ಮೇಲೆ ಕೆಟ್ಟವು.

ಕೊನೆಗೆ ಆರಿಸಿಕೊಂಡದ್ದು ಆವರಣ, ಅಲ್ಪವಿರಾಮ, ಉದ್ಧರಣ ಚಿಹ್ನೆಗಳಿಂದ ವಿವರಗಳನ್ನು ಬೇರ್ಪಡಿಸಿ ಬರೆಯುವ ಜೇಸನ್ (JSON) ಎಂಬ ರೂಪವನ್ನು. 1.24ನೇ ಆವೃತ್ತಿಯಿಂದ ಮೀಡಿಯಾವಿಕಿಯೇ ಜೇಸನ್ ಪುಟಗಳನ್ನು ಗುರುತಿಸುತ್ತದೆ, ರಚನೆ ತಪ್ಪಿದ್ದರೆ ಉಳಿಸಲು ಬಿಡುವುದಿಲ್ಲ. ಸದ್ದಿಲ್ಲದೆ ಪಾಠವನ್ನು ಕಳೆದುಕೊಂಡಿದ್ದ ನಮಗೆ ಈ ಗುಣ ಬಹಳ ಮುಖ್ಯವಾಗಿತ್ತು. ಜೇಸನ್‌ನಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಬರೆಯುವ ಒಂದು ಪಠ್ಯದೊಳಗೆ ನೇರವಾಗಿ ಸಾಲು ಮುರಿಯುವಂತಿಲ್ಲ. ಇದು ಮೊದಲು ಕೊರತೆಯೆನಿಸಿತು; ಆಮೇಲೆ ಕಲ್ಲಿನ ಒಂದೊಂದು ಸಾಲನ್ನೂ ಪಟ್ಟಿಯ ಒಂದೊಂದು ಅಂಶವಾಗಿ ಇಟ್ಟೆವು. ಶಾಸನವನ್ನು ಸಾಲುಸಂಖ್ಯೆಯಿಂದ ಉಲ್ಲೇಖಿಸುವುದೇ ವಿದ್ವಾಂಸರ ರೂಢಿಯಾದ್ದರಿಂದ ಇದಕ್ಕಿಂತ ಸಹಜವಾದ ವ್ಯವಸ್ಥೆ ನನಗೆ ತೋಚಲಿಲ್ಲ.

ಕಾಲದ ವಿವರಕ್ಕೆ ಹೆಚ್ಚು ಚರ್ಚೆ ಬೇಕಾಯಿತು. ಜೇಸನ್ ಕನ್ನಡ ಅಂಕಿಗಳನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ. ಜೊತೆಗೆ ಶಕವರ್ಷಕ್ಕೆ 78 ಕೂಡಿಸಿದ ಮಾತ್ರಕ್ಕೆ ಎಲ್ಲ ಕಡೆಯೂ ಸರಿಯಾದ ಕ್ರಿಸ್ತವರ್ಷ ಸಿಗದು. ಶಾಸನ ಹೇಳುವುದು ಮುಗಿದ (ಗತ) ವರ್ಷವನ್ನೋ ನಡೆಯುತ್ತಿರುವ (ವರ್ತಮಾನ) ವರ್ಷವನ್ನೋ ಎಂಬುದರ ಮೇಲೆ ಒಂದು ವರ್ಷ ಆಚೀಚೆಯಾಗುತ್ತದೆ. ಆದ್ದರಿಂದ ಕಲ್ಲಿನಲ್ಲಿರುವಂತೆಯೇ ಶಕವರ್ಷವನ್ನು ಪಠ್ಯವಾಗಿಯೂ, ನಿರ್ಧರಿಸಿದ ಕ್ರಿಸ್ತವರ್ಷವನ್ನು ಸಂಖ್ಯೆಯಾಗಿಯೂ ಬೇರೆಬೇರೆ ಇಟ್ಟೆವು. ಜಿಲ್ಲೆಗೂ ಎರಡು ಅಂಕಣಗಳಿವೆ: ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಹಳೆಯ ಶಾಸನಸಂಪುಟಗಳಲ್ಲಿ ಹರಿಹರದ ಶಾಸನಗಳು ಚಿತ್ರದುರ್ಗದ ಅಡಿಯಲ್ಲಿವೆ.

ಪಾಠ ಸೇರಿಸುವ ಶಿಕ್ಷಕರು ಆವರಣ, ಅಲ್ಪವಿರಾಮಗಳನ್ನು ಮುಟ್ಟಬೇಕಾಗಿಲ್ಲ; ಅವರು ಫಾರಂ ತುಂಬುತ್ತಾರೆ, ಸಾಲುಗಳನ್ನು ಬೇರ್ಪಡಿಸುವ ಕೆಲಸ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮಿನದು. ಸವೆದುಹೋದ ಸಾಲನ್ನು ಮಾತ್ರ ಬಿಟ್ಟುಬಿಡದೆ ಖಾಲಿ ಅಂಶವಾಗಿಯೇ ಉಳಿಸುತ್ತೇವೆ, ಏಕೆಂದರೆ ಅದನ್ನು ತೆಗೆದರೆ ಮುಂದಿನ ಎಲ್ಲ ಸಾಲುಗಳ ಸಂಖ್ಯೆಯೂ ತಪ್ಪಾಗುತ್ತದೆ.