ಎರಡನೇ ಸಲ ಹೋದದ್ದು ಚಿಲಕ ಹಾಕೋಕೆ

ಗೇಟು ದಾಟಿ ಒಳಗೆ ಕಾಲಿಟ್ಟಿದ್ದೆ ಅಷ್ಟೇ. ನಾಲ್ಕು ವರ್ಷದ ಒಂದು ಹುಡುಗಿ ಓಡಿ ಬಂದು ನನ್ನ ಕಾಲು ತಬ್ಬಿಕೊಂಡಳು. ನನ್ನ ಹೆಸರು ಅವಳಿಗೆ ಗೊತ್ತಿಲ್ಲ, ಅವಳ ಭಾಷೆ ನನಗೆ ಬರಲ್ಲ. ಎತ್ತಿಕೊಂಡೆ. ಕುತ್ತಿಗೆಗೆ ಕೈ ಹಾಕಿದವಳು ಅರ್ಧ ಗಂಟೆ ಬಿಡಲೇ ಇಲ್ಲ. ದೇವರು ನನ್ನನ್ನು ಇಷ್ಟು ದೂರ ಕರೆಸಿದ್ದು ಇದಕ್ಕೇ ಅಂದುಕೊಂಡೆ. ಕಣ್ಣು ತುಂಬಿ ಬಂತು.

ಅದು ನಮ್ಮ ಚರ್ಚ್‌ನಿಂದ ಹೊರದೇಶದ ಅನಾಥಾಶ್ರಮಕ್ಕೆ ಹೋದ ಮೊದಲ ಸೇವಾ ಪ್ರವಾಸ. ಹನ್ನೆರಡು ಜನ, ಹತ್ತು ದಿನ. ಹಾಡು, ಆಟ, ಬೈಬಲ್ ಕಥೆ, ಗೋಡೆಗೆ ಬಣ್ಣ. ವಾಪಸ್ ಹೊರಟ ದಿನ ನಾವು ಬ್ಯಾಗ್ ಏರಿಸುತ್ತಿರುವಾಗಲೇ ಇನ್ನೊಂದು ತಂಡದ ವ್ಯಾನ್ ಬಂತು. ಮೊದಲು ಇಳಿದ ಹೆಂಗಸಿನ ಕಾಲನ್ನು ಆ ಹುಡುಗಿ ಅದೇ ಥರ ತಬ್ಬಿಕೊಂಡಳು.

ಪಕ್ಕದಲ್ಲಿ ನಿಂತಿದ್ದ ಆಯಾ ಏನೋ ಹೇಳಿದರು. ದುಭಾಷಿ ಸ್ವಲ್ಪ ತಡೆದು ತಿಳಿಸಿದರು: "ಇವಳು ಯಾರು ಬಂದರೂ ಹೀಗೇ. ನೀವೆಲ್ಲ ಹೋದ ಮೇಲೆ ರಾತ್ರಿ ಅಳೋದನ್ನ ನಾನು ನೋಡ್ತೀನಿ." ಆ ಆಯಾ ಒಬ್ಬರೇ ಹದಿನಾರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಹತ್ತು ದಿನದಲ್ಲಿ ನಾನು ಅವರ ಹೆಸರನ್ನೂ ಕೇಳಿರಲಿಲ್ಲ.

ಊರಿಗೆ ಬಂದ ಮೇಲೆ ಓದೋಕೆ ಶುರು ಮಾಡಿದೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಆಶ್ರಮಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟು, ಎಲ್ಲರನ್ನೂ ವರ್ಷಗಟ್ಟಲೆ ಗಮನಿಸಿದರು. ಮನೆ ಸಿಕ್ಕ ಮಕ್ಕಳು ಚೇತರಿಸಿಕೊಂಡರು. ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಇನ್ನೂ ಚೆನ್ನಾಗಿ ಚೇತರಿಸಿಕೊಂಡರು. ಗುರುತಿಲ್ಲದವರ ಹತ್ತಿರ ಹೀಗೆ ಓಡಿ ಹೋಗುವುದು ಆಶ್ರಮಗಳಲ್ಲಿ ಬೆಳೆದ ಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತದಂತೆ. ನಾನು ಪ್ರೀತಿ ಅಂದುಕೊಂಡದ್ದು ಗಾಯದ ಗುರುತೂ ಆಗಿರಬಹುದು. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಅನಾಥಾಶ್ರಮಗಳಲ್ಲಿರುವ ಬಹಳಷ್ಟು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ. ಬಡತನಕ್ಕೆ, ಸ್ಕೂಲ್ ಸಿಗುತ್ತದೆ ಅಂತ ತಂದು ಬಿಟ್ಟಿರುತ್ತಾರೆ. ವಿದೇಶಿ ತಂಡಗಳ ದುಡ್ಡು ಬರುತ್ತದೆ ಅಂತಲೇ ಮಕ್ಕಳನ್ನು ತುಂಬಿಸಿಕೊಳ್ಳುವ ಜಾಗಗಳೂ ಇವೆ. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಶ್ರಮದ ಸ್ವಯಂಸೇವೆಯಿಂದ ಆಗುವ ಹಾನಿಯನ್ನು ತಡೆಯಬೇಕು ಅಂತ ಬಿಡಿಸಿಯೇ ಹೇಳಿತು. ಅಂಥ ಸೇವೆಗೆ ಹೋಗಿ ಬಂದವಳು ನಾನು.

ನಮ್ಮ ಚರ್ಚ್ ಸಭೆಯಲ್ಲಿ ಇದನ್ನು ಹೇಳುವುದು ಸುಲಭ ಇರಲಿಲ್ಲ. "ಹಾಗಾದ್ರೆ ಹೋಗೋದೇ ತಪ್ಪಾ?" ಅಂತ ಹಿರಿಯರೊಬ್ಬರು ಕೇಳಿದರು. ನಾವು ಹೊರಡುವ ಮುಂಚೆ ಓದಿದ ವಚನವನ್ನೇ ಮತ್ತೆ ತೆಗೆದೆವು, ಯಾಕೋಬನ ಪತ್ರಿಕೆ 1:27. ಅನಾಥರನ್ನು ಕಷ್ಟದಲ್ಲಿ ನೋಡಿಕೊಳ್ಳಿ ಅನ್ನುವ ಮಾತು ಎಲ್ಲರಿಗೂ ಬಾಯಿಪಾಠ. ಆದರೆ ಅಲ್ಲಿ ಅನಾಥರ ಜೊತೆಗೇ ವಿಧವೆಯರೂ ಇದ್ದಾರೆ ಅಲ್ವಾ? ನಾವು ಮಕ್ಕಳನ್ನು ಎತ್ತಿಕೊಂಡೆವು, ಅವರ ತಾಯಂದಿರು ಎಲ್ಲಿದ್ದಾರೆ ಅಂತ ಕೇಳಲೇ ಇಲ್ಲ.

ಎರಡನೇ ಸಲ ಹೊರಡುವ ಮೊದಲು ಆಶ್ರಮಕ್ಕೆ ಮೂರು ಪ್ರಶ್ನೆ ಬರೆದು ಕಳಿಸಿದೆ. ಸರ್ಕಾರದ ನೋಂದಣಿ ಇದೆಯಾ? ಕಳೆದ ವರ್ಷ ಎಷ್ಟು ಮಕ್ಕಳು ಸ್ವಂತ ಮನೆಗೆ ವಾಪಸ್ ಹೋದರು? ನಿಮಗೆ ನಿಜವಾಗಿ ಏನು ಬೇಕು? ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ. ಅದಕ್ಕೆ ನೇರ ಉತ್ತರ ಸಿಗದಿದ್ದರೆ ಹೋಗಲೇಬಾರದು. ನಮಗೆ ಉತ್ತರ ಬಂತು: ಮೂರು ಮಕ್ಕಳು. ಇನ್ನೂ ಕೆಲವರನ್ನು ಕಳಿಸಬಹುದು, ಆದರೆ ಮನೆಯವರು ಬಂದು ನೋಡಿ ಹೋಗೋಕೆ ಬಸ್ಸಿಗೆ ದುಡ್ಡಿಲ್ಲ. ಆಯಾಗಳು ಸಾಲುತ್ತಿಲ್ಲ. ಬಾತ್‌ರೂಮ್ ಬಾಗಿಲುಗಳಿಗೆ ಚಿಲಕ ಇಲ್ಲ.

ಆ ಕೊನೇ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ದೊಡ್ಡ ಹುಡುಗಿಯರು ಒಂದು ಕಾಲಿನಿಂದ ಬಾಗಿಲು ಒತ್ತಿ ಹಿಡಿದುಕೊಂಡು ಸ್ನಾನ ಮಾಡುತ್ತಿದ್ದರು. ನಾವು ಹನ್ನೆರಡು ಜನ ಅದೇ ಬಾಗಿಲುಗಳ ಪಕ್ಕದ ಗೋಡೆಗೆ ಕಾಮನಬಿಲ್ಲು ಬರೆದು ಬಂದಿದ್ದೆವು.

ಈ ಸಲ ಐದೇ ಜನ ಹೋದೆವು. ಒಬ್ಬರು ಬಡಗಿ, ಒಬ್ಬರು ಪ್ಲಂಬರ್, ಒಬ್ಬರು ನರ್ಸ್, ಉಳಿದ ಇಬ್ಬರು ಕೈಯಾಳುಗಳು. ಉಳಿದ ಏಳು ಜನರ ಟಿಕೆಟ್ ದುಡ್ಡನ್ನು ಇನ್ನಿಬ್ಬರು ಆಯಾಗಳ ಸಂಬಳಕ್ಕೂ ಮನೆಯವರ ಬಸ್ ಖರ್ಚಿಗೂ ಮುಂಚೆಯೇ ಕಳಿಸಿದ್ದೆವು. ಎಲ್ಲರೂ ಪೊಲೀಸ್ ವೆರಿಫಿಕೇಶನ್ ಮಾಡಿಸಿದೆವು. ಮಗುವಿನ ಜೊತೆ ಒಬ್ಬರೇ ಇರಬಾರದು, ಮಲಗುವ ಕೋಣೆಗೆ ಹೋಗಬಾರದು, ಫೋಟೋ ತೆಗೆಯಬಾರದು, ಮತ್ತೆ ಬರ್ತೀನಿ ಅಂತ ಮಾತು ಕೊಡಬಾರದು ಅಂತ ಬರೆದು ಸಹಿ ಹಾಕಿದೆವು. ಉಡುಗೊರೆಗಳನ್ನೂ ಆಯಾಗಳ ಕೈಗೇ ಕೊಟ್ಟೆವು, ಅವರೇ ಮಕ್ಕಳಿಗೆ ಹಂಚಲಿ ಅಂತ. ಫೋಟೋ ಇಲ್ಲದ್ದಕ್ಕೆ ಕಾಣಿಕೆ ಕೊಟ್ಟ ಕೆಲವರಿಗೆ ಬೇಜಾರಾಯಿತು. ಅದನ್ನು ಕೂತು ವಿವರಿಸಬೇಕಾಯಿತು.

ಮಕ್ಕಳು ಸ್ಕೂಲಿಗೆ ಹೋದ ಹೊತ್ತಲ್ಲಿ ಕೆಲಸ. ಒಂಬತ್ತು ಬಾಗಿಲು, ಒಂಬತ್ತು ಚಿಲಕ. ಹಳೇ ಮರ ಉಬ್ಬಿಕೊಂಡಿತ್ತು. ಅಂಚು ಕೆತ್ತಿ, ತೂತು ಕೊರೆದು, ಸ್ಕ್ರೂ ಬಿಗಿದು, ಒಂದೊಂದಕ್ಕೂ ಒಂದೊಂದು ಗಂಟೆ ಹಿಡಿಯಿತು. ಸಂಜೆ ಒಬ್ಬ ಹುಡುಗಿ ಒಳಗೆ ಹೋಗಿ ಚಿಲಕ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ಒಳಗಿಂದ ನೀರಿನ ಸದ್ದು ತುಂಬಾ ಹೊತ್ತು ಕೇಳುತ್ತಿತ್ತು.

ನನ್ನ ಕಾಲು ತಬ್ಬಿದ್ದ ಪುಟ್ಟ ಹುಡುಗಿಯೂ ಅಲ್ಲೇ ಇದ್ದಳು. ಈಗ ಅವಳನ್ನೂ ಇನ್ನೂ ಐದು ಮಕ್ಕಳನ್ನೂ ಒಬ್ಬರೇ ಆಯಾ ದಿನಾ ನೋಡಿಕೊಳ್ಳುತ್ತಾರೆ. ನಾನು ಅಂಗಳಕ್ಕೆ ಬಂದಾಗ ಅವಳು ಓಡಿ ಬರಲಿಲ್ಲ. ಆಯಾ ಹಿಂದೆ ಬಚ್ಚಿಟ್ಟುಕೊಂಡು, ಅವರ ಬಟ್ಟೆ ಹಿಡಿದುಕೊಂಡು, ಯಾರಪ್ಪ ಇವಳು ಅನ್ನುವ ಹಾಗೆ ಇಣುಕಿ ನೋಡಿದಳು. ನಾನು ನಿಂತಲ್ಲಿಂದಲೇ ಕೈ ಬೀಸಿ, ಸ್ಕ್ರೂ ಡಬ್ಬಿ ತಗೊಂಡು ಕೊನೇ ಬಾಗಿಲಿನ ಕಡೆ ಹೋದೆ.