‘ಆಲ್ಲೆ ಅಕ್ಸೆಪ್ಟೀರೆನ್’ ಒತ್ತುವ ಮುಂಚೆ: ಜರ್ಮನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಮ್ಯೂನಿಕ್‌ಗೆ ಬಂದ ಮೊದಲ ವಾರ ಎಲ್ಲರದೂ ಒಂದೇ ಕಥೆ. ಮನೆ ಹುಡುಕಬೇಕು, ಸಿಮ್ ತಗೋಬೇಕು, ರೈಲಿನ ಪಾಸ್ ಆಗಬೇಕು, ಸೋನಾ ಮಸೂರಿ ಎಲ್ಲಿ ಸಿಗುತ್ತದೆ ಅಂತ ನೋಡಬೇಕು. ಎಲ್ಲವೂ ಫೋನಿನಲ್ಲೇ. ಯಾವ ಸೈಟ್ ತೆರೆದರೂ ಅರ್ಧ ಪರದೆ ಮುಚ್ಚುವ ಹಾಗೆ ಕುಕಿ ಬ್ಯಾನರ್ ಬರುತ್ತದೆ. ಜರ್ಮನ್ ಬರುವುದಿಲ್ಲ, ಕೆಲಸ ಬೇಗ ಆಗಬೇಕು. ದಪ್ಪ ಹಸಿರು ಬಟನ್ ಒತ್ತಿ ಮುಂದೆ ಹೋಗುತ್ತೀರಿ. ನಾನೂ ಮೊದಲ ವರ್ಷವೆಲ್ಲ ಹಾಗೇ ಮಾಡಿದೆ. ಆ ಹಸಿರು ಬಟನ್ ಮೇಲೆ ಬರೆದಿರುವುದು ‘ಆಲ್ಲೆ ಅಕ್ಸೆಪ್ಟೀರೆನ್’, ಅಂದರೆ ಎಲ್ಲದಕ್ಕೂ ಒಪ್ಪಿಗೆ.

ಕುಕಿ ಅಂದರೆ ಏನು ಅಂತ ಕೇಳಿದವರಿಗೆ ನಾನು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ನೆನಪಿಸುತ್ತೇನೆ. ಚಪ್ಪಲಿ ಕೊಟ್ಟರೆ ಟೋಕನ್ ಕೊಡುತ್ತಾರೆ. ಟೋಕನ್ ಇಲ್ಲದಿದ್ದರೆ ನಿಮ್ಮ ಚಪ್ಪಲಿ ಯಾವುದು ಅಂತ ಅವರಿಗೆ ಗೊತ್ತಾಗುವುದಿಲ್ಲ. ನೀವು ಲಾಗಿನ್ ಆಗಿದ್ದೀರಿ, ಬುಟ್ಟಿಯಲ್ಲಿ ಎರಡು ಸಾಮಾನು ಇಟ್ಟಿದ್ದೀರಿ ಅಂತ ನೆನಪಿಡುವ ಕುಕಿ ಈ ಟೋಕನ್ ಇದ್ದ ಹಾಗೆ. ಅದಕ್ಕೆ ನಿಮ್ಮ ಒಪ್ಪಿಗೆ ಕೇಳಬೇಕಾಗಿಯೇ ಇಲ್ಲ. ಆದರೆ ಅದೇ ಟೋಕನ್ ಹಿಡಿದು ಒಬ್ಬ ನಿಮ್ಮ ಹಿಂದೆಯೇ ಬಂದರೆ? ಯಾವ ಹೋಟೆಲಿಗೆ ಹೋದಿರಿ, ಯಾವ ಡಾಕ್ಟರ್ ಹತ್ತಿರ ಹೋದಿರಿ, ಎಷ್ಟು ಹೊತ್ತು ಕೂತಿರಿ ಅಂತ ಬರೆದುಕೊಂಡು ಮಾರಿದರೆ? ಜಾಹೀರಾತು ಕಂಪನಿಗಳ ಟ್ರ್ಯಾಕಿಂಗ್ ಕುಕಿ ಮಾಡುವುದು ಇದನ್ನೇ. ಇದಕ್ಕೆ ಮಾತ್ರ ನಿಮ್ಮನ್ನು ಕೇಳಲೇಬೇಕು.

ಇಲ್ಲಿ ಎರಡು ಕಾನೂನು ಸೇರಿ ಕೆಲಸ ಮಾಡುತ್ತವೆ. ಫೋನಿನೊಳಗೆ ಕುಕಿ ಇಡುವುದರ ಬಗ್ಗೆ ಯುರೋಪಿನ 2002ರ ಇ-ಪ್ರೈವಸಿ ನಿಯಮ ಇದೆ. ಒಪ್ಪಿಗೆ ಪಡೆಯಬೇಕು ಎಂಬುದು 2009ರ ತಿದ್ದುಪಡಿಯಲ್ಲಿ ಸೇರಿತು. ಹೀಗೆ ಸಿಕ್ಕ ಮಾಹಿತಿಯನ್ನು ಏನು ಮಾಡಬಹುದು ಎಂಬುದಕ್ಕೆ ಜಿಡಿಪಿಆರ್ ಎಂಬ ಯುರೋಪಿನ ಡೇಟಾ ರಕ್ಷಣೆಯ ಕಾನೂನು ಇದೆ. ಅದು 2018ರ ಮೇ 25ರಿಂದ ಜಾರಿಯಲ್ಲಿದೆ. ಜರ್ಮನರು ಅದನ್ನು ‘ಡಿಎಸ್‌ಜಿವಿಒ’ ಅನ್ನುತ್ತಾರೆ. ಹೊಸಬರಿಗೆ ಗೊತ್ತಿಲ್ಲದ ಮುಖ್ಯ ವಿಷಯ ಒಂದಿದೆ: ಈ ಕಾನೂನು ಪಾಸ್‌ಪೋರ್ಟ್ ನೋಡುವುದಿಲ್ಲ. ಸ್ಟೂಡೆಂಟ್ ವೀಸಾ ಇರಲಿ, ಬ್ಲೂ ಕಾರ್ಡ್ ಇರಲಿ, ನೋಡಿಕೊಂಡು ಹೋಗಲು ಬಂದ ಅಪ್ಪ ಅಮ್ಮ ಇರಲಿ, ಇಲ್ಲಿರುವಷ್ಟು ದಿನ ಜರ್ಮನರಿಗಿರುವ ಹಕ್ಕೇ ನಿಮಗೂ ಇದೆ.

‘ನಮ್ಮ ಹತ್ತಿರ ಮುಚ್ಚಿಡುವಂಥದ್ದು ಏನಿದೆ ಬಿಡಿ’ ಅಂತ ಸುಮಾರು ಜನ ಹೇಳುತ್ತಾರೆ. ಇಲ್ಲಿನ ಹಿರಿಯರ ಹತ್ತಿರ ಹಾಗೆ ಹೇಳಿ ನೋಡಿ, ಒಪ್ಪುವುದಿಲ್ಲ. ಹಿಟ್ಲರ್ ಕಾಲದಲ್ಲಿ, ಆಮೇಲೆ ಪೂರ್ವ ಜರ್ಮನಿಯ ಗುಪ್ತ ಪೊಲೀಸರಾದ ಸ್ಟಾಸಿ ಕಾಲದಲ್ಲಿ, ಪಟ್ಟಿಯಲ್ಲಿ ಹೆಸರು ಇದ್ದರೆ ಏನಾಗುತ್ತಿತ್ತು ಎಂಬುದು ಅವರಿಗೆ ಮರೆತಿಲ್ಲ. ಹೆಸ್ಸೆನ್ ರಾಜ್ಯ 1970ರಲ್ಲೇ ಡೇಟಾ ರಕ್ಷಣೆಗೆ ಕಾನೂನು ಮಾಡಿತು, ಜಗತ್ತಿನಲ್ಲೇ ಮೊದಲನೆಯದು. 1983ರಲ್ಲಿ ಜನಗಣತಿಯ ವಿರುದ್ಧ ಜನ ಕಾರ್ಲ್ಸ್‌ರೂಹೆಯ ಸಂವಿಧಾನ ಕೋರ್ಟಿಗೆ ಹೋಗಿ ಗೆದ್ದರು. ನಮ್ಮವರೂ ಹಿಂದೆ ಬಿದ್ದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 80 ದಾಟಿದ ಮೇಲೆ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಆ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ನನಗೆ ಅದು ಹೆಮ್ಮೆಯ ವಿಷಯ.

ಈಗ ಬ್ಯಾನರ್‌ಗೆ ಬರೋಣ. ಹಸಿರು ಬಟನ್ ಪಕ್ಕದಲ್ಲಿ ‘ಆಬ್ಲೇನೆನ್’ ಅಂತ ಇದ್ದರೆ ಅದನ್ನೇ ಒತ್ತಿ. ಬೇಡ ಎಂದು ಅರ್ಥ. ಕೆಲವು ಕಡೆ ‘ನೂರ್ ನೋಟ್‌ವೆಂಡಿಗೆ’ ಅಂತ ಇರುತ್ತದೆ, ಅಂದರೆ ಅಗತ್ಯ ಇರುವುದು ಮಾತ್ರ. ಅದೂ ಸರಿ. ಎರಡೂ ಕಾಣದಿದ್ದರೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ಐನ್‌ಸ್ಟೆಲ್ಲುಂಗೆನ್’ ಇದೆಯಾ ಹುಡುಕಿ. ಒಳಗೆ ಹೋದರೆ ಸ್ವಿಚ್‌ಗಳ ಸಾಲು. ಎಲ್ಲ ಆಫ್ ಇದೆ ಅಂತ ಸಮಾಧಾನಪಡಬೇಡಿ. ‘ಬೆರೆಷ್ಟಿಗ್ಟೆಸ್ ಇಂಟರೆಸ್ಸೆ’ ಎಂಬ ಇನ್ನೊಂದು ಪುಟ ಪಕ್ಕದಲ್ಲೇ ಇರುತ್ತದೆ. ‘ಇದು ನಮ್ಮ ನ್ಯಾಯವಾದ ಹಿತಾಸಕ್ತಿ’ ಅಂತ ಹೇಳಿಕೊಂಡು ಕಂಪನಿಗಳು ಅಲ್ಲಿನ ಸ್ವಿಚ್‌ಗಳನ್ನು ಮೊದಲೇ ಆನ್ ಮಾಡಿಟ್ಟಿರುತ್ತವೆ. ಅವನ್ನೂ ಆಫ್ ಮಾಡಿ ಸೇವ್ ಮಾಡಿ. ಈ ಕೆಲಸಕ್ಕೆ ಅರ್ಧ ನಿಮಿಷ ಸಾಕು.

ಒಪ್ಪಿಗೆಯ ಚೌಕದಲ್ಲಿ ಮೊದಲೇ ಟಿಕ್ ಹಾಕಿಡುವ ಹಾಗಿಲ್ಲ ಎಂಬ ನಿಯಮ ಗಟ್ಟಿಯಾಗಿದ್ದು ಜರ್ಮನಿಯದೇ ಒಂದು ಕೇಸಿನಿಂದ. 2013ರಲ್ಲಿ ಪ್ಲಾನೆಟ್49 ಎಂಬ ಕಂಪನಿ ಆನ್‌ಲೈನ್ ಲಾಟರಿ ನಡೆಸಿತು. ಕುಕಿಗೆ ಒಪ್ಪಿಗೆ ಎಂಬ ಚೌಕದಲ್ಲಿ ಟಿಕ್ ಹಾಕಿಯೇ ಇಟ್ಟಿತ್ತು. ಗ್ರಾಹಕರ ಸಂಘಟನೆಗಳ ಒಕ್ಕೂಟ ಕೋರ್ಟಿಗೆ ಹೋಯಿತು. 2019ರ ಅಕ್ಟೋಬರ್ 1ರಂದು ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿನ ಕೋರ್ಟ್ ಅದು ಒಪ್ಪಿಗೆಯೇ ಅಲ್ಲ ಅಂತು. ಬೇಡ ಅನ್ನುವುದನ್ನು ಕಷ್ಟ ಮಾಡಿದ್ದಕ್ಕೆ ಫ್ರಾನ್ಸಿನ ಡೇಟಾ ರಕ್ಷಣಾ ಪ್ರಾಧಿಕಾರ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಹಾಕಿದ್ದು 2022ರ ಜನವರಿಯಲ್ಲಿ ಹೊರಬಂತು. ಆಮೇಲೆ ‘ಬೇಡ’ ಬಟನ್ ಕಾಣುವುದು ಜಾಸ್ತಿಯಾಯಿತು.

ಮೊದಲೇ ಒತ್ತಿಬಿಟ್ಟಿದ್ದೀರಾ? ತೊಂದರೆ ಇಲ್ಲ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ತಗೊಳ್ಳುವುದೂ ಅಷ್ಟೇ ಸುಲಭ ಇರಬೇಕು. ಸೈಟ್‌ನ ತೀರಾ ಕೆಳಗೆ ಕುಕಿ ಸೆಟ್ಟಿಂಗ್ಸ್ ಲಿಂಕ್ ನೋಡಿ. ಜೊತೆಗೆ ಬ್ರೌಸರ್‌ನಲ್ಲಿ ಹಳೆಯ ಕುಕಿಗಳನ್ನು ಅಳಿಸಿಬಿಡಿ.

ಕುಕಿಗಿಂತ ಮುಂದಿನ ಮಾತು. ಬಂದ ಮೊದಲ ಚಳಿಗಾಲದಲ್ಲಿ ಕರೆಂಟ್ ದರ ಹೋಲಿಸಲು ಒಂದು ಸೈಟ್‌ನಲ್ಲಿ ನನ್ನ ನಂಬರ್ ಕೊಟ್ಟಿದ್ದೆ. ಮರುದಿನದಿಂದ ಫೋನ್ ಮೇಲೆ ಫೋನ್. ಪಕ್ಕದ ಟೇಬಲಿನ ಸಹೋದ್ಯೋಗಿ ನಾಲ್ಕು ಸಾಲಿನ ಇಮೇಲ್ ಬರೆಸಿದರು. ‘ಜಿಡಿಪಿಆರ್ 15ನೇ ವಿಧಿಯ ಪ್ರಕಾರ ನನ್ನ ಬಗ್ಗೆ ನಿಮ್ಮ ಹತ್ತಿರ ಇರುವ ಎಲ್ಲ ಮಾಹಿತಿಯ ಪ್ರತಿ ಕೊಡಿ. ಯಾರಿಗೆಲ್ಲ ಕೊಟ್ಟಿದ್ದೀರಿ ತಿಳಿಸಿ. ಆಮೇಲೆ 17ನೇ ವಿಧಿಯ ಪ್ರಕಾರ ಅಳಿಸಿ.’ ಇಷ್ಟೇ. ಅವರು ಒಂದು ತಿಂಗಳೊಳಗೆ ಉತ್ತರಿಸಬೇಕು, ದುಡ್ಡು ಕೇಳುವ ಹಾಗಿಲ್ಲ. ಮೂರನೇ ವಾರ ಏಳು ಪುಟ ಬಂತು. ನನ್ನ ನಂಬರ್, ಯಾವ ಗಂಟೆಗೆ ಯಾವ ಪುಟ ನೋಡಿದೆ ಎಂಬ ಪಟ್ಟಿ, ನಾನು ಹೆಸರೇ ಕೇಳಿರದ ನಾಲ್ಕು ಕಂಪನಿಗಳು. ಓದುವಾಗ ಕೈ ತಣ್ಣಗಾಯಿತು. ಆ ನಾಲ್ಕಕ್ಕೂ ಅದೇ ಇಮೇಲ್ ಕಳಿಸಿದೆ. ಫೋನ್ ನಿಂತಿತು.

ಉತ್ತರ ಬರದಿದ್ದರೆ ದೂರು ಕೊಡಿ, ಅದಕ್ಕೂ ಖರ್ಚಿಲ್ಲ. ಬವೇರಿಯಾದಲ್ಲಿ ಖಾಸಗಿ ಕಂಪನಿಗಳ ಮೇಲಿನ ದೂರು ಆನ್ಸ್‌ಬಾಖ್ ಊರಿನ ಡೇಟಾ ರಕ್ಷಣಾ ಪ್ರಾಧಿಕಾರಕ್ಕೆ, ಸರ್ಕಾರಿ ಕಚೇರಿಗಳ ಮೇಲಿನದು ಮ್ಯೂನಿಕ್‌ನ ಇನ್ನೊಂದಕ್ಕೆ. ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನದಕ್ಕೆ.

ಇನ್ನೆರಡು ವಿಷಯ ಬೇಗ ಹೇಳುತ್ತೇನೆ. ವಿಳಾಸ ನೋಂದಣಿಗೆ ಹೋದಾಗ, ರಾಜಕೀಯ ಪಕ್ಷಗಳಿಗೆ ಮತ್ತು ವಿಳಾಸ ಪುಸ್ತಕ ಅಚ್ಚು ಮಾಡುವವರಿಗೆ ನನ್ನ ಮಾಹಿತಿ ಕೊಡಬೇಡಿ ಎಂಬ ಫಾರ್ಮ್ ಕೇಳಿ ತುಂಬಿ. ಮನೆ ಹುಡುಕುವಾಗ, ಮನೆ ನೋಡುವ ಮುಂಚೆಯೇ ಪಾಸ್‌ಪೋರ್ಟ್ ಪ್ರತಿ, ಸಂಬಳದ ಚೀಟಿ ಕಳಿಸಿ ಅಂದರೆ ಕಳಿಸಬೇಡಿ. ಮೋಸಗಾರರು ಕೇಳುವುದೂ ಇದನ್ನೇ.

ನಮ್ಮ ಕನ್ನಡ ಕೂಟಕ್ಕೂ ಇದೇ ಕಾನೂನು. ಯುಗಾದಿಗೆ ಬಂದಾಗ ಬಾಗಿಲ ಹತ್ತಿರದ ಟೇಬಲಿನಲ್ಲಿ ಫೋಟೊ ಒಪ್ಪಿಗೆಯ ಫಾರ್ಮ್ ಇರುತ್ತದೆ. ಬೇಡ ಅಂದವರ ಹೆಸರಿನ ಚೀಟಿ ಮೇಲೆ ಹಳದಿ ಚುಕ್ಕೆ ಅಂಟಿಸುತ್ತೇವೆ, ಮಕ್ಕಳಿಗೂ ಸೇರಿ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಊಟದ ಲೆಕ್ಕಕ್ಕೆ ತಗೊಂಡ ನಂಬರ್‌ಗಳನ್ನು ಹಬ್ಬ ಮುಗಿದ ವಾರದಲ್ಲೇ ಅಳಿಸುತ್ತೇವೆ.