ಪುಟ್ಟ ಕಟ್ಟಡ ಕೊಳ್ಳುವ ಮುನ್ನ ಬಾಗಿಲಿನ ಎತ್ತರ ಕೇಳಿ

ಡಯೋರಾಮಾಕ್ಕೆ (ಪುಟ್ಟ ಮಾದರಿಗಳನ್ನು ಜೋಡಿಸಿ ಮಾಡುವ ದೃಶ್ಯಕ್ಕೆ) ಕಟ್ಟಡ, ಗೊಂಬೆಗಳನ್ನು ಬೇರೆ ಬೇರೆ ಕಡೆಯಿಂದ ತರಿಸುವವರು ಪೆಟ್ಟಿಗೆಯ ಮೇಲಿನ ‘ಎಚ್‌ಒ/ಒಒ’ ಎಂಬ ಜೋಡಿ ಹೆಸರನ್ನಷ್ಟೇ ನಂಬಬಾರದು. ಇವು ಮಾದರಿ ರೈಲುಗಳ ಎರಡು ಬೇರೆ ಸ್ಕೇಲುಗಳು, ಅಂದರೆ ನಿಜ ವಸ್ತುವಿಗೆ ಹೋಲಿಸಿದ ಅಳತೆಗಳು. ಎಚ್‌ಒ ಎಂದರೆ 1:87 (ನಿಜ ವಸ್ತುವಿನ 87ರಲ್ಲಿ ಒಂದು ಭಾಗ), ಒಒ ಎಂದರೆ 1:76. ಎರಡರ ರೈಲುಗಳೂ 16.5 ಮಿ.ಮೀ. ಅಗಲದ ಹಳಿಯ ಮೇಲೆಯೇ ಓಡುವುದರಿಂದ ಈ ಗೊಂದಲ ಉಳಿದುಕೊಂಡಿದೆ. 2.1 ಮೀಟರ್ ಎತ್ತರದ ಬಾಗಿಲು ಎಚ್‌ಒದಲ್ಲಿ ಸುಮಾರು 24 ಮಿ.ಮೀ., ಒಒದಲ್ಲಿ ಸುಮಾರು 28 ಮಿ.ಮೀ. ಆಗುತ್ತದೆ. ಆದ್ದರಿಂದ ಮಾರುವವರಿಂದ ಮಾದರಿಯ ಬಾಗಿಲಿನ ಎತ್ತರವನ್ನು ತಿಳಿದುಕೊಂಡು, 2,100ನ್ನು ಆ ಮಿಲಿಮೀಟರ್ ಸಂಖ್ಯೆಯಿಂದ ಭಾಗಿಸಿದರೆ ಸ್ಕೇಲ್ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಮರ, ಬಂಡೆಗಳಿಗೆ ಈ ಲೆಕ್ಕದ ಗೊಡವೆಯೇ ಬೇಡ. ಆದರೆ ಕುರ್ಚಿ, ಸೈಕಲ್, ಮೆಟ್ಟಿಲುಗಳಂತಹ, ಮನುಷ್ಯರ ಕೈಕಾಲು ತಾಗುವ ವಸ್ತುಗಳು ಗೊಂಬೆಗಳ ಸ್ಕೇಲಿನಲ್ಲೇ ಇರಬೇಕು. ಚಿಕ್ಕ ಸ್ಕೇಲಿನ ಕಟ್ಟಡ ಈಗಾಗಲೇ ಕೈಯಲ್ಲಿದ್ದರೆ ಅದನ್ನು ಹಿಂಬದಿಯಲ್ಲಿಟ್ಟು, ಅದರ ಹತ್ತಿರ ಗೊಂಬೆಗಳನ್ನು ನಿಲ್ಲಿಸದಿದ್ದರಾಯಿತು, ದೂರದ ಕಟ್ಟಡದಂತೆಯೇ ಕಾಣುತ್ತದೆ.